ಬಿಳಿಕೆರೆಯ ‘ಇ’ ಬಾವಿ

ಹುಣಸೂರಿನ ಲಕ್ಷ್ಮಣತೀರ್ಥ ಜಲಾಧ್ಯಯನ ಸಂಸ್ಥೆಯು ತಾನು ಈವರೆಗೆ ಕಂಡುಹಿಡಿದದ್ದನ್ನೆಲ್ಲ ಲೋಕದ ಸಮಸ್ತರಿಗೂ ಉಚಿತವಾಗಿ ತೆರೆದಿಟ್ಟಿದೆ. ಸಂಸ್ಥೆಯ ಮುಕ್ತ ದತ್ತಾಂಶ ಭಂಡಾರವನ್ನು ಯಾವ ದೇಶದವರಾದರೂ, ಯಾವ ಹೊತ್ತಿನಲ್ಲಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ನೋಡಿದ್ದು ಅರ್ಥವಾಗಬೇಕೆಂಬ ಕಟ್ಟುಪಾಡೇನೂ ಇಲ್ಲ.

ಭಂಡಾರಕ್ಕೆ ಮೊದಲು ಸೇರಿದ್ದು ಬಿಳಿಕೆರೆಯ ಹೆದ್ದಾರಿ ಬದಿಯ ಮೂರು ಹೋಟೆಲುಗಳ ಬಾವಿ ನೀರಿನ ವಿವರ. ‘ಅ’ ಬಾವಿ ಯೋಗ್ಯ, ‘ಆ’ ಬಾವಿ ಯೋಗ್ಯ, ‘ಇ’ ಬಾವಿ ಕುಡಿಯಲು ಅಯೋಗ್ಯ. ಯಾವ ಅಕ್ಷರ ಯಾರ ಬಾವಿ ಎಂಬುದನ್ನು, ಮಾಲೀಕರ ಮಾನ ಕಾಪಾಡುವ ಸದುದ್ದೇಶದಿಂದ, ಗುಟ್ಟಾಗಿಡಲಾಗಿತ್ತು. ಸುದ್ದಿ ಪತ್ರಿಕೆಯಲ್ಲಿ ಬಂತು. ಮೂವರ ಮಾನವೂ ಒಟ್ಟಿಗೆ ಹೋಯಿತು.

ಮೂರರಲ್ಲಿ ಒಂದು ಹೋಟೆಲು ಭದ್ರಮ್ಮನದು. ಗಂಡ ಹೋದ ಮೇಲೆ ಒಬ್ಬಳೇ ಒಲೆಯ ಮುಂದೆ ನಿಂತು ನಡೆಸಿಕೊಂಡು ಬಂದದ್ದು. ಈಗ ಮೈಸೂರಿನ ಬಸ್ಸು ನಿಂತರೆ ಜನ ಇಳಿಯುತ್ತಿದ್ದರು, ಮೈ ಮುರಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಒಬ್ಬ ಮಾತ್ರ ಬಾಗಿಲಿಗೆ ಬಂದ.

“ಅವ್ವೋ, ನಿಂದು ಯಾವ ಅಕ್ಷರ?”

“ಹೋಟ್ಲಿಗೆ ಎಂತ ಅಕ್ಷರನಪ್ಪ? ಇಡ್ಲಿ ಬಿಸಿ ಐತೆ, ಕುಂತ್ಕೊ ಬಾ.”

“ಇಡ್ಲಿ ತಿಂದ್ರೆ ನೀರು ಕುಡೀಬೇಕಲ್ಲವ್ವ,” ಎಂದವನೇ ಬಸ್ಸು ಹತ್ತಿದ.

ಇಡ್ಲಿಯನ್ನು ಎಮ್ಮೆಗೆ ಹಾಕಿ, ಸೆರಗು ಕೊಡವಿ, ಭದ್ರಮ್ಮ ಹುಣಸೂರಿಗೆ ಹೊರಟಳು. ಇನ್ನೊಂದು ತಿಂಗಳು ಹೀಗೇ ಆದರೆ ಬಾಗಿಲು ಹಾಕಬೇಕಿತ್ತು. ತನ್ನ ಬಾವಿ ಯೋಗ್ಯ ಅಂತ ಒಂದು ಮಾತು ಬಾಯಿಬಿಟ್ಟು ಹೇಳಿದರೆ ಸಾಕು, ಗೋಡೆಯ ಮೇಲೆ ಬರೆಸಿಬಿಡುತ್ತಿದ್ದಳು.

ಭಂಡಾರವನ್ನು ನೋಡಿಕೊಳ್ಳುವ ಅಧಿಕಾರಿ ಸೋಮಶೇಖರ್ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಫ್ಯಾನನ್ನು ಅವಳ ಕಡೆ ತಿರುಗಿಸಿದರು.

“ಸಾರ್, ನಂದು ಯಾವ್ದು ಅಂತ ಒಂದು ಹೇಳ್ಬುಡಿ.”

“ಅದು ಗೋಪ್ಯ ಅಮ್ಮಾ.”

“ಯಾರ್ ಗುಟ್ಟು ಅದು?”

“ನಿಮ್ಮದೇ.”

“ನನ್ ಗುಟ್ಟ ನಂಗೇಳಕೆ ಏನ್ರೀ ನಿಮ್ಗೆ ಕಷ್ಟ?”

“ಯಾರಿಗೂ ಹೇಳೋದಿಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದೀವಿ. ನಿಮಗೆ ಕೊಟ್ಟ ಮಾತನ್ನ ನಿಮಗೋಸ್ಕರ ಮುರಿಯೋಕಾಗುತ್ತಾ? ಸಂಶೋಧಕರು ಯಾರಾದ್ರೂ ಕೇಳಿದ್ರೆ ತೋರಿಸಬಹುದು.”

“ಸಂಶೋಧಕರಾಗಕೆ ಸಾನೆ ಓದಬೇಕಾ?”

“ಲೆಟರ್‌ಹೆಡ್ ಬೇಕು.”

ಹುಣಸೂರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಂದೇ ‘ಭದ್ರಮ್ಮ ಟಿಫನ್ ಮತ್ತು ಸಂಶೋಧನಾ ಕೇಂದ್ರ, ಬಿಳಿಕೆರೆ’ ಎಂಬ ಸಂಸ್ಥೆ ಜನ್ಮ ತಾಳಿತು. ಅಧ್ಯಯನದ ಶೀರ್ಷಿಕೆ: ‘ಬಿಳಿಕೆರೆಯ ಮೂರು ಬಾವಿಗಳಲ್ಲಿ ನನ್ನದು ಯಾವುದು?’ ಅಧ್ಯಯನ ವಿಧಾನ: ನೋಡುವುದು. ನಿಯಮದಂತೆ ಒಂದು ನೀತಿ ಸಮಿತಿಯೂ ಬೇಕಿತ್ತು. ಹೆದ್ದಾರಿಯ ಆಚೆ ಬದಿಯ ಹೋಟೆಲಿನ ನಟರಾಜು, ಅವನ ಪಕ್ಕದ ಹೋಟೆಲಿನ ರುದ್ರಸ್ವಾಮಿ ಇಬ್ಬರನ್ನೂ ಸದಸ್ಯರನ್ನಾಗಿ ಮಾಡಿದಳು.

“ನೀತಿ ಅಂದ್ರೆ ನಾವೇನ್ ಮಾಡಬೇಕು ಭದ್ರಕ್ಕ?” ನಟರಾಜು ಕೇಳಿದ.

“ಬೋಂಡ ತಿನ್ನು, ಸೈನ್ ಹಾಕು.”

“ಅಷ್ಟೇ ಆದ್ರೆ ವಾರ ವಾರ ಸಭೆ ಕರೀರಿ,” ಎಂದರು ರುದ್ರಸ್ವಾಮಿ.

ಎರಡು ಪ್ಲೇಟ್ ಬೋಂಡದ ನಂತರ ಸಮಿತಿಯು ಈ ಅಧ್ಯಯನದಿಂದ ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಹಾನಿಯಿಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಿತು. ನೀರನ್ನು ಮಾತ್ರ ಸದಸ್ಯರು ತಮ್ಮ ತಮ್ಮ ಮನೆಯಿಂದ ತಂದಿದ್ದರು.

ಭದ್ರಮ್ಮ ಈ ಕಾಗದಗಳೊಡನೆ ಮತ್ತೆ ಹುಣಸೂರಿಗೆ ಬಂದಾಗ ಸೋಮಶೇಖರ್ ಗುಟ್ಟಿನ ಕಡತವನ್ನು ತೆರೆದು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. “ಒಂದು ನಿಯಮ ಇದೆ ಅಮ್ಮಾ. ಸಂಶೋಧಕರು ಸ್ವಂತ ಲಾಭಕ್ಕೆ ನೋಡಬಾರದು. ಅದಕ್ಕೇ ನಿಮ್ಮ ಬಾವಿ ಸಾಲನ್ನು ಮಾತ್ರ ಮುಚ್ಚಿದ್ದೀವಿ. ಉಳಿದದ್ದೆಲ್ಲ ಆರಾಮಾಗಿ ನೋಡ್ಕೊಳ್ಳಿ.”

ನಟರಾಜು: ‘ಅ’. ರುದ್ರಸ್ವಾಮಿ: ‘ಆ’. ಮೂರನೆಯ ಸಾಲಿನ ಮೇಲೆ ಕಪ್ಪು ಪಟ್ಟಿ.

ಭದ್ರಮ್ಮ ಆ ಪಟ್ಟಿಯನ್ನೇ ನೋಡುತ್ತ ಕೂತಳು. ‘ಅ’, ‘ಆ’ ಎಂದು ಎರಡು ಬೆರಳು ಮಡಿಸಿದಳು, ಉಳಿದದ್ದು ‘ಇ’ ಒಂದೇ. ಸೋಮಶೇಖರ್ ಮಾತ್ರ ಗುಟ್ಟು ಉಳಿಯಿತೆಂಬ ನೆಮ್ಮದಿಯಲ್ಲಿದ್ದರು.

ಅಷ್ಟರಲ್ಲಿ ಒಳಗೆ ಬಂದವನು ನೀರು ಸಂಗ್ರಹಿಸುವ ಕ್ಷೇತ್ರ ಸಹಾಯಕ ಕಾಂತರಾಜು. ಅವನ ಮುಖ ಕಂಡದ್ದೇ ಭದ್ರಮ್ಮನಿಗೆ ಎಲ್ಲ ನೆನಪಾಯಿತು.

“ಏ ಕಾಂತರಾಜಪ್ಪ, ಬಾ ಇಲ್ಲಿ. ಅವತ್ತು ಬಾಟ್ಲಿ ಇಡ್ಕಂಡು ನಮ್ಮೋಟ್ಲಿಗೆ ಬಂದು ಸೆಟ್ ದೋಸೆ ತಿಂದೆ ಅಲ್ವಾ?”

“ತಿಂದೆ ಅಕ್ಕಾ. ಚಟ್ನಿ ಚೆನ್ನಾಗಿತ್ತು.”

“ಮೂರು ಬಾಟ್ಲಿನೂ ನನ್ ಬಾವೀಲೇ ತುಂಬ್ಕಂಡೆ ಅಲ್ವಾ?”

ಕಾಂತರಾಜು ಸತ್ಯವಂತ. “ಹೂಂ ಸಾರ್. ಆ ಹೆದ್ದಾರಿ ದಾಟೋದು ಅಂದ್ರೆ ಜೀವಕ್ಕೇ ಅಪಾಯ. ಆಫೀಸಲ್ಲಿ ಎರಡೇ ಬಾಟ್ಲಿ ಕೊಟ್ಟಿದ್ರಿ. ಮೂರನೇದು ಅಕ್ಕನೇ ಕೊಟ್ರು.”

“ಅದ್ರಲ್ಲಿ ಮಜ್ಜಿಗೆ ಇತ್ತು ಕಣ್ಲಾ! ತೊಳ್ಕೊ ಅಂದ್ನಲ್ಲ!”

“ಬಸ್ಸು ಬಂದ್ಬುಡ್ತು ಅಕ್ಕಾ.”

ಭದ್ರಮ್ಮ ಗೆದ್ದವಳಂತೆ ಎದ್ದು ನಿಂತಳು. “ಕೇಳಿದ್ರಾ ಸಾರ್? ಮೂರೂ ನನ್ ಬಾವಿ ನೀರೇ. ಎರಡು ಬಾಟ್ಲಿ ಚೆನ್ನಾಗೈತೆ ಅಂತ ನೀವೇ ಬರ್ದಿದೀರಿ. ಆ ‘ಇ’ನ ಅಳಿಸಾಕಿ.”

ಸೋಮಶೇಖರ್ ಕನ್ನಡಕ ತೆಗೆದು ಒರೆಸಿಕೊಂಡರು. “ಅಳಿಸೋಕೆ ಬರೋದಿಲ್ಲ ಅಮ್ಮಾ. ಈ ದತ್ತಾಂಶಕ್ಕೆ ಶಾಶ್ವತ ಸಂಖ್ಯೆ ಬಿದ್ದಿದೆ. ಜರ್ಮನಿಯ ಪ್ರೊಫೆಸರೊಬ್ಬರು ಇದನ್ನು ನಂಬಿ ಪ್ರಬಂಧವನ್ನೇ ಬರೆದಿದ್ದಾರೆ. ನೀರು ಯಾಕೆ ಹುಳಿಯಾಯ್ತು ಅಂತ ಭೂಮಿಯೊಳಗೆ ಕಾರಣ ಹುಡುಕಿದ್ದಾರೆ. ಸಿಕ್ಕಿದೆ.”

“ಸಿಕ್ಕಿದ್ದು ನನ್ ಮಜ್ಜಿಗೆ ಕಣ್ರೀ!”

“ಅಷ್ಟು ಆಳದಲ್ಲಿ ಮಜ್ಜಿಗೆ ಇರೋದಿಲ್ಲ ಅಮ್ಮಾ.”

ಆದರೂ ವಿಷಯ ಗಂಭೀರವಾದ್ದರಿಂದ ಸಂಸ್ಥೆಯ ಉನ್ನತ ಸಮಿತಿಯು ಸಭೆ ಸೇರಿ ಕೆಳಕಂಡ ಪ್ರಕಟಣೆ ಹೊರಡಿಸಿತು:

‘ದತ್ತಾಂಶಕ್ಕೂ ವಾಸ್ತವಕ್ಕೂ ಹೊಂದಾಣಿಕೆಯಾಗದಿದ್ದಲ್ಲಿ, ಎರಡರಲ್ಲಿ ಶಾಶ್ವತವಲ್ಲದ್ದನ್ನು ತಿದ್ದತಕ್ಕದ್ದು. ದತ್ತಾಂಶವು ಶಾಶ್ವತವಾಗಿರುವುದರಿಂದ ಬಾವಿಯನ್ನು ತಿದ್ದಲು ತೀರ್ಮಾನಿಸಲಾಗಿದೆ. ಪ್ರತಿ ಸೋಮವಾರ ‘ಇ’ ಬಾವಿಗೆ ಸಾಕಷ್ಟು ಮಜ್ಜಿಗೆ ಸುರಿಯತಕ್ಕದ್ದು. ಮಜ್ಜಿಗೆಯನ್ನು ಸಂಸ್ಥೆಯೇ ಪೂರೈಸುವುದು. ಬಾವಿಯ ಮಾಲೀಕರಿಗೆ ಆಗುವ ತೊಂದರೆಗಾಗಿ ದಿನಕ್ಕೊಂದು ಟ್ಯಾಂಕರ್ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಲಾಗುವುದು. ಸುರಿಯುವ ಹೆಚ್ಚುವರಿ ಹೊಣೆಯನ್ನು ಅನುಭವದ ಆಧಾರದ ಮೇಲೆ ಕಾಂತರಾಜು ಅವರಿಗೆ ವಹಿಸಲಾಗಿದೆ.’

ಟ್ಯಾಂಕರಿನ ಸುದ್ದಿ ಬಿಳಿಕೆರೆಗೆ ಮುಟ್ಟಿದ ಮರುದಿನವೇ ನಟರಾಜು, ರುದ್ರಸ್ವಾಮಿ ಇಬ್ಬರೂ ಸೋಮಶೇಖರ್ ಮುಂದೆ ಬಂದು ನಿಂತರು. ಅವರ ಬೆನ್ನಿಗೇ ಭದ್ರಮ್ಮನೂ ಓಡಿ ಬಂದಳು.

“ಸಾರ್, ನಮ್ ಬಾವಿ ನೀರು ಕೆಟ್ಟದ್ದು,” ಎಂದ ನಟರಾಜು. “ನಮ್ಮಪ್ಪನ ಕಾಲ್ದಿಂದ್ಲೂ ಕೆಟ್ಟದ್ದು. ಬೇಕಾದ್ರೆ ಊರ್ನೆಲ್ಲ ಕೇಳಿ.”

“ನಮ್ದು ಅದಕ್ಕಿಂತ ಕೆಟ್ಟದ್ದು,” ಎಂದರು ರುದ್ರಸ್ವಾಮಿ. “ದೇವರ ಪೂಜೆಗೂ ನಾವು ಅದನ್ನ ಬಳಸಲ್ಲ.”

“ಸುಳ್ಳು ಕಣ್ರೀ ಸಾರ್!” ಭದ್ರಮ್ಮ ಮೇಜು ಕುಟ್ಟಿದಳು. “ಅವ್ರದು ಎಳನೀರಿದ್ದಂಗೈತೆ. ಕೆಟ್ಟಿರೋದು ನಂದು. ಸಂಶೋಧನೆ ಮಾಡಿ ಕಂಡಿಡಿದಿರೋಳು ನಾನು. ಬೋಂಡ ತಿಂದು ಸೈನ್ ಹಾಕಿರೋರು ನೀವೇ ಅಲ್ವೇನ್ಲಾ ನಟರಾಜ?”

ಸೋಮಶೇಖರ್ ಕಡತ ನೋಡಿ, ಭದ್ರಮ್ಮನ ಅಯೋಗ್ಯತೆ ಮಾತ್ರ ದಾಖಲೆಗೆ ಹೊಂದುತ್ತದೆಂದು ತೀರ್ಪು ಕೊಟ್ಟರು. ನಟರಾಜು ತನ್ನ ಬಾವಿ ಯೋಗ್ಯವೆಂಬ ಅವಮಾನವನ್ನು ನುಂಗಿಕೊಂಡು ಮನೆಗೆ ಹೋದ.

ಈಗ ಭದ್ರಮ್ಮನ ಹೋಟೆಲಿನಲ್ಲಿ ಕೂರಲು ಜಾಗವಿಲ್ಲ. ಬಾವಿ ಕೆಟ್ಟಿದೆ ಎಂದು ಸಂಸ್ಥೆಯೇ ಬೋರ್ಡು ಹಾಕಿ ಟ್ಯಾಂಕರ್ ನೀರು ಕೊಡುತ್ತಿರುವ ಹೋಟೆಲು ಇಡೀ ಹೆದ್ದಾರಿಯಲ್ಲಿ ಅದೊಂದೇ ಆದ್ದರಿಂದ, ಅಲ್ಲಿಯ ನೀರಿನ ಬಗ್ಗೆ ಜನಕ್ಕೆ ಪೂರ್ತಿ ನಂಬಿಕೆ ಬಂದಿದೆ. ಜರ್ಮನಿಯ ಪ್ರೊಫೆಸರ್ ಕೂಡ ಖುದ್ದಾಗಿ ಬಂದು, ಬಾವಿಯಿಂದ ಒಂದು ಲೋಟ ಸೇದಿಸಿ ಕುಡಿದು, ಕಣ್ಣು ಮುಚ್ಚಿ, ದತ್ತಾಂಶ ಒಂದಿಷ್ಟೂ ತಪ್ಪಿಲ್ಲವೆಂದು ಹೇಳಿದರು. ಜೊತೆಗೆ ರುಚಿ ನೋಡಿದ ಸೋಮಶೇಖರ್ ಅವರಿಗೆ ಉಪ್ಪು ಸ್ವಲ್ಪ ಬೇಕಿತ್ತೆನಿಸಿತು.

ಈ ಯಶಸ್ಸನ್ನು ಪರಿಗಣಿಸಿ ಸಂಸ್ಥೆಯು ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಿಂದಲೂ ಅಯೋಗ್ಯ ಬಾವಿಗಳಿಗೆ ಅರ್ಜಿ ಕರೆದಿದೆ. ನೀರು ಸಂಗ್ರಹಿಸಲು ಕಾಂತರಾಜುವೇ ಬರುತ್ತಾನೆ. ಬಾಟಲಿಯನ್ನು ಮಾಲೀಕರೇ ಕೊಡತಕ್ಕದ್ದು. ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಕಡೆ ಈಗ ನೆಂಟರು ಬಂದರೆ ಯಾರೂ ಮಜ್ಜಿಗೆ ಕೊಡುವುದಿಲ್ಲ, ಟೀ ಕೊಟ್ಟು ಕಳಿಸುತ್ತಾರೆ. ನೆಂಟರೂ ಬೇಸರಿಸುವುದಿಲ್ಲ. ಅವರ ಮನೆಯಲ್ಲೂ ಬಾವಿ ಇದೆ.