ಮರಿಯ ಸಾಕ್ಷಿ

"ಮರಿಗಿರೋ ಮಾನದಲ್ಲಿ ಕಾಲು ಭಾಗ ಇದ್ದಿದ್ರೂ ನೀನು ಮನುಷ್ಯ ಅನ್ನಿಸ್ಕೊಳ್ತಿದ್ದೆ."

ಮೇಲ್ವಿಚಾರಕ ಎಲ್ಲರೆದುರು ಸುಟ್ಟ ಹೊದಿಕೆಯನ್ನು ಇಸ್ತ್ರಿಯವನ ಮುಖಕ್ಕೆ ಹಿಡಿದ. ನಡುವೆ ಕರ್ರಗಿನ ತೂತು. ಅದರೊಳಗಿಂದ ಮೇಲ್ವಿಚಾರಕನ ಮೂಗು ಕಾಣುತ್ತಿತ್ತು.

ಮರಿ ಎಂದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಹೊಸದಾಗಿ ಬಂದ ರೋಬೋ. ಬೀರುವಿಗೆ ಕೈ ಅಂಟಿಸಿದಂಥ ಆಕಾರ, ಎಮ್ಮೆಗರುವಿನಂಥ ಕಣ್ಣು. ಬೈದರೆ ರೆಪ್ಪೆ ಇಳಿಸಿ ನಿಟ್ಟುಸಿರು ಬಿಡುತ್ತಿತ್ತು. ಅಷ್ಟಕ್ಕೇ ಕರಗಿ, ಬಟ್ಟೆ ಮಡಿಸುವ ಅಕ್ಕ ಅದಕ್ಕೊಂದು ಸ್ವೆಟರ್ ಹೆಣೆದಿದ್ದಳು. ವರ್ಷಗಟ್ಟಲೆ ಅದೇ ಹಬೆಯಲ್ಲಿ ಬೆಂದ ಇಸ್ತ್ರಿಯವನ ಅಂಗಿಗೆ ಒಂದು ಗುಂಡಿಯನ್ನೂ ಹಾಕಿಕೊಟ್ಟವಳಲ್ಲ.

ಹೊದಿಕೆ ಸುಟ್ಟಿದ್ದು ಮರಿ. ಇಸ್ತ್ರಿಯವನು ಕಣ್ಣಾರೆ ಕಂಡಿದ್ದ.

"ನಾನಲ್ಲ ಸಾರ್, ಅದು."

"ಪಾಪದ್ದರ ಮೇಲೆ ಹಾಕ್ತೀಯಲ್ಲೋ," ಎಂದಳು ಅಕ್ಕ.

"ಸಂಜೆ ಸಾಹೇಬರು ಬರ್ತಾರೆ. ನಿನ್ನ ಕೆಲಸದ ಕತೆ ಅವರೇ ಮುಗಿಸ್ತಾರೆ," ಎಂದ ಮೇಲ್ವಿಚಾರಕ.

ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ಕೆಲಸ ಹೋಗುವ ಹಾಗಿರಲಿಲ್ಲ. ಮರಿಯ ದಾರಿಯನ್ನೇ ಹಿಡಿಯೋಣವೆಂದು ಅವನೂ ರೆಪ್ಪೆ ಇಳಿಸಿ ನಿಟ್ಟುಸಿರು ಬಿಟ್ಟ.

"ನೋಡಿ, ಅಣಕಿಸ್ತಾನೆ," ಎಂದರು ಎಲ್ಲರೂ.

ಮರಿಯ ಅಂಗೈಯ ಇಸ್ತ್ರಿ ತಟ್ಟೆ ಇನ್ನೂ ಕಾದಿದೆಯೆಂದು ತೋರಿಸಲು ಮುಟ್ಟಿದ. ಬೆರಳು ಚುರ್ ಎಂದಿತು. ಅವನು ಕೈ ಕೊಡವಿದ, ಮರಿ ಬೆಚ್ಚಿ ಕಣ್ಣು ಮುಚ್ಚಿತು. ಅವನು ಹೊಡೆದನೆಂದು ಕೋಣೆಯೇ ಎದ್ದು ನಿಂತಿತು. ಅವನ ಬೆರಳಿನ ಬೊಬ್ಬೆಯನ್ನು ಯಾರೂ ನೋಡಲಿಲ್ಲ.

ಸಂಜೆ ಸಾಹೇಬರ ಜೊತೆ ಮೆಕ್ಯಾನಿಕ್ ಬಂದ. "ಅದನ್ನೇ ಕೇಳಿ ಸಾರ್. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಇಸ್ತ್ರಿಯವನಿಗೆ ಹೋದ ಜೀವ ಬಂದಂತಾಯಿತು.

"ಸುಟ್ಟಿದ್ದು ನಾನು," ಎಂದಿತು ಮರಿ. "ಅಣ್ಣ ಬೇಡ ಅಂದ್ರು. ನಾನು ಕೇಳಲಿಲ್ಲ."

ಅಕ್ಕ ಸೆರಗಿಗೆ ಮೂಗೊರೆಸಿಕೊಂಡಳು. "ನೋಡ್ರೀ ಅದರ ಮನಸ್ಸು. ಹೊಡೆದವನನ್ನ ಉಳಿಸೋಕೆ ತಪ್ಪನ್ನ ತನ್ನ ಮೈಮೇಲೆ ಎಳ್ಕೊಳ್ತಿದೆ."

ಸಾಹೇಬರ ಕನ್ನಡಕ ಮಂಜಾಯಿತು.

"ಸಾರ್, ಅದಕ್ಕೆ ಸುಳ್ಳು ಬರಲ್ಲ ಅಂದ್ನಲ್ಲ," ಎಂದ ಮೆಕ್ಯಾನಿಕ್.

"ಬರ್ತಿರಲಿಲ್ಲ ಕಣಯ್ಯ, ಈಗ ಬಂದಿದೆ. ಇವನ ಸಹವಾಸ," ಎಂದರು ಸಾಹೇಬರು. "ಅದು ಇನ್ನೂ ಕೆಡೋದಕ್ಕೆ ಮುಂಚೆ ಇವನನ್ನ ಕಳಿಸಿ."

ಇಸ್ತ್ರಿಯವನು ಊಟದ ಡಬ್ಬಿ ತೆಗೆದುಕೊಂಡ. ಸ್ವೆಟರ್ ತೊಟ್ಟ ಮರಿ ಬಾಗಿಲವರೆಗೂ ಚಕ್ರದ ಮೇಲೆ ಉರುಳಿಕೊಂಡು ಬಂತು.

"ಅಣ್ಣಾ, ನಾನು ನಿಜ ತಾನೇ ಹೇಳಿದ್ದು?"

"ಪಾಪ, ಕೇಳ್ತಿದೆಯಲ್ಲೋ, ಒಂದು ಮಾತಾಡಬಾರದಾ? ಕಲ್ಲು ಕಣೋ ನೀನು," ಎಂದಳು ಅಕ್ಕ.

ಅವನು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಡೆದುಬಿಟ್ಟ.