ಡಿ-೮ರ ಬೆನ್ನು ಹತ್ತಿದ ಅಮರೇಶ ಮಾಸ್ತರರು

ಬಿ.ಎಸ್ಸಿ. ಪಾಸಾದವನ ಮನೆಗೆ ಮೆಕ್ಯಾನಿಕ್ ಕಾಲಿಟ್ಟರೆ ಅದು ವಿಜ್ಞಾನಕ್ಕೇ ಅವಮಾನ ಎಂದು ಬಾದಾಮಿಯ ಅಮರೇಶ ಮಾಸ್ತರರು ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಘೋಷಿಸಿದರು. ಕೇಳಲು ಎದುರಿಗಿದ್ದದ್ದು ಹೆಂಡತಿ ದಾನೇಶ್ವರಿ ಮತ್ತು ಆರು ದಿನದ ಹಿಂದೆ ಮನೆ ತುಂಬಿದ ಹೊಸ ಫ್ರಿಜ್ಜು. ಇಬ್ಬರೂ ಒಪ್ಪಿದಂತೆ ಕಾಣಲಿಲ್ಲ.

ಫ್ರಿಜ್ಜಿನ ಬಾಗಿಲ ಮೇಲಿನ ಗಾಜಿನ ಪಟ್ಟಿಯಲ್ಲಿ 'ಡಿ-೮' ಎಂದು ಮಿನುಗುತ್ತಿತ್ತು. ತೆರೆದರೆ ಒಳಗೆ ದೀಪ ಹತ್ತುತ್ತದೆ, ತಂಪು ಮಾತ್ರ ಇಲ್ಲ. ಆ ದೀಪದ ಬೆಳಕಿನಲ್ಲಿ ಮೊಸರಿನ ನಲವತ್ತು ಪುಟ್ಟ ಗಡಿಗೆಗಳು ಸಾಲಾಗಿ ಕುಳಿತಿದ್ದವು.

ಅದು ದಾನೇಶ್ವರಿಗೆ ಸಿಕ್ಕ ಮೊದಲ ಆರ್ಡರು. ಪಟ್ಟದಕಲ್ಲಿನ ದಾರಿಯಲ್ಲಿ ಖಾನಾವಳಿ ಇಟ್ಟಿರುವ ಇಂದ್ರಾಬಾಯಿ ಮಂಗಳವಾರದ ಊಟಕ್ಕೆ ಹೇಳಿದ್ದರು. ಹೇಳುವಾಗಲೇ ಎಚ್ಚರಿಸಿದ್ದರು: "ಮೊಸರು ಹುಳಿ ಬಂತಂದ್ರ ಗಡಿಗಿ ಸಮೇತ ವಾಪಸ್ ಕಳಸ್ತೇನಿ ನೋಡವಾ. ಆಮ್ಯಾಲ ಈ ಕಡೆ ತರಾಕ ಹೋಗಬ್ಯಾಡ."

"ಮೆಕ್ಯಾನಿಕ್ ಯುನೂಸಣ್ಣಗ ಫೋನ್ ಹಚ್ಚತೇನಿ," ಎಂದಳು ದಾನೇಶ್ವರಿ.

"ಬ್ಯಾಡ. ಹೆದರಬ್ಯಾಡ ನೀ. ಬೆಳಿಗ್ಗೇನ ವಿಭೂತಿ ಹಚ್ಚೇನಿ, ಅದಕ್ಕೇನೂ ಆಗಂಗಿಲ್ಲ."

ಮಾತು ಸುಳ್ಳಲ್ಲ. ಮಾಸ್ತರರು ಕಲಿಸುವುದು ವಿಜ್ಞಾನವಾದರೂ ಸೋಮವಾರ ಪೂಜೆ ಮುಗಿಸಿ ಗಾಡಿಗೆ, ಮಿಕ್ಸರಿಗೆ, ಟಿವಿಗೆ ವಿಭೂತಿ ಹಚ್ಚದೆ ಚಹಾ ಮುಟ್ಟಿದವರಲ್ಲ. ಫ್ರಿಜ್ಜಿಗೆ ಅದು ಮೊದಲ ಸೋಮವಾರ.

ಅವರ ಅಜ್ಜ ಸಾಲಿಯ ಕಟ್ಟೆ ಹತ್ತಿದವರಲ್ಲ. ಅಪ್ಪ ಜೀವಮಾನವಿಡೀ ಹೆಬ್ಬೆಟ್ಟು ಒತ್ತಿದವರು. ಹುನಗುಂದದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಮನೆತನಕ್ಕೆ ಮೊದಲ ಡಿಗ್ರಿ ತಂದವರು ಇವರು. ಹಾಗಾಗಿ ಅಚ್ಚಾದ ಕಾಗದದ ಮೇಲೆ ಅಪಾರ ಭಕ್ತಿ. ಫ್ರಿಜ್ಜಿನ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಡಿ-೧ ಇತ್ತು, ಡಿ-೭ರವರೆಗೂ ಇತ್ತು. ಆಮೇಲೆ ಕಂಪನಿಯ ವಿಳಾಸ.

"ಎಂಟು ಎಲ್ಲಿ ಹೋತು?" ಎಂದರು ಮಾಸ್ತರರು. ದನಿಯಲ್ಲಿ ಗಾಬರಿಯಿಲ್ಲ, ಹುರುಪು. ಸಿಲೆಬಸ್ಸಿನಲ್ಲಿ ಇಲ್ಲದ ಪ್ರಶ್ನೆ ಸಿಕ್ಕ ಜಾಣ ಹುಡುಗನ ಕಣ್ಣು ಅವರಿಗೆ ಬಂದಿತ್ತು.

ನೂರು ಪುಟದ ನೋಟುಬುಕ್ಕು ಹೊರಬಂತು. ಗೆರೆ ಎಳೆದು ಉದ್ದೇಶ, ವಿಧಾನ, ವೀಕ್ಷಣೆ, ಫಲಿತಾಂಶ ಎಂದು ತಲೆಬರಹ ಕೊಟ್ಟರು. ಸೂಟಿಗೆಂದು ಮನೆಗೆ ಬಂದು ಸುಧಾರಿಸಿಕೊಳ್ಳುತ್ತಿದ್ದ ಸಾಲಿಯ ಥರ್ಮಾಮೀಟರು ಬಂದು ಮೊಸರಿನ ಪಕ್ಕ ಕುಳಿತು ಇಪ್ಪತ್ನಾಲ್ಕು ತೋರಿಸಿತು.

ಮೊದಲ ಪ್ರಯೋಗ: ಪ್ಲಗ್ಗು ಕಿತ್ತು ಹತ್ತು ನಿಮಿಷ ಬಿಟ್ಟು ಹಾಕುವುದು. ಡಿ-೮ ಹತ್ತು ನಿಮಿಷ ವಿಶ್ರಾಂತಿ ಪಡೆದು ಇನ್ನಷ್ಟು ಕಳೆಯಿಂದ ಬೆಳಗಿತು. ಎರಡನೆಯದು: ಬಾಗಿಲು ಸರಿಯಾಗಿ ಮುಚ್ಚಿರುವುದಿಲ್ಲ ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹಿಂದಿಯಲ್ಲಿ ಹೇಳಿದ. ಅವನ ಫ್ರಿಜ್ಜು ಬೇರೆ ಕಂಪನಿಯದು; ಆದರೂ ಜ್ಞಾನಕ್ಕೆ ಕಂಪನಿ ಯಾವುದು? ಅರಿವೆ ಒಣಹಾಕುವ ಹಗ್ಗ ಬಿಚ್ಚಿ ಫ್ರಿಜ್ಜಿಗೆ ಮೂರು ಸುತ್ತು ಬಿಗಿದರು.

"ಎತ್ತು ಕಟ್ಟಿದಂಗ ಕಟ್ಟೀರಲ್ರಿ," ಎಂದಳು ದಾನೇಶ್ವರಿ. "ಓಡಿ ಹೊಂಟಿತ್ತೇನ್ರಿ ಅದು?"

ಮೂರನೆಯ ವಿಡಿಯೋದವನು ಹಿಂಬದಿಯಲ್ಲಿ ಬರ್ಫ ಕಟ್ಟಿರಬಹುದು, ಬಿಸಿಗಾಳಿ ಬಿಡಿ ಎಂದ. ಮಾಸ್ತರರು ಎದುರುಮನೆಯ ಜಯಶ್ರೀಯ ಬ್ಯೂಟಿ ಪಾರ್ಲರಿಗೆ ಹೋಗಿ ಕೂದಲು ಒಣಗಿಸುವ ಮಷೀನು ಕೇಳಿದರು. ಆಕೆ ಅವರ ಬೋಳುತಲೆಯನ್ನೊಮ್ಮೆ ನೋಡಿ, ಏನೂ ಕೇಳದೆ ಕೊಟ್ಟಳು. ಹಗ್ಗ ಬಿಚ್ಚಿ ಕೆಳಗೆ ಬಿಟ್ಟ ಮೇಲೆ ಕಾಲು ತಾಸು ಫ್ರಿಜ್ಜಿನೊಳಗೆ ಬಿಸಿಗಾಳಿ ಬೀಸಿತು. ಥರ್ಮಾಮೀಟರು ಮೂವತ್ಮೂರಕ್ಕೆ ಏರಿತು. ವೀಕ್ಷಣೆಯ ಕೆಳಗೆ ಮಾಸ್ತರರು ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ಉಷ್ಣತೆ ಏರಿದೆ. ಕುತೂಹಲಕಾರಿ.'

ಹಿಂದೆ ನಿಂತಿದ್ದ ದಾನೇಶ್ವರಿ ಅದನ್ನು ಓದಿದಳು.

ಗಡಿಗೆಗಳನ್ನೆಲ್ಲ ಹೊರಗೆ ತೆಗೆದಳು. ಬಚ್ಚಲ ಮೂಲೆಯಲ್ಲಿ ಉಸುಕು ಹರವಿ, ನೀರು ಚಿಮುಕಿಸಿ, ಕುತ್ತಿಗೆಯವರೆಗೆ ಗಡಿಗೆ ಹೂತು, ಮೇಲೆ ಒದ್ದೆ ಅರಿವೆ ಹೊದಿಸಿದಳು.

"ಇದು ಆವಿಯಾಗುವಿಕೆಯ ತತ್ವ," ಎಂದರು ಮಾಸ್ತರರು ಬಗ್ಗಿ ನೋಡಿ. "ನೀರು ಆವಿ ಆಗೂ ಮುಂದ ಗಡಿಗಿ ಶಾಖಾ ಎಳಕೊಂಡು..."

"ತತ್ವ ನಿಮ್ಮದ ಇರಲ್ರಿ. ಉಸುಕು ನಮ್ಮವ್ವಂದು." ಆಮೇಲೆ ಫೋನು ತೆಗೆದುಕೊಂಡಳು. "ಯುನೂಸಣ್ಣ, ಲಗೂನ ಬಾ."

ಯುನೂಸ ನಾಲ್ಕಕ್ಕೆ ಬಂದ. ಹಗ್ಗ ನೋಡಿದ, ಬಿಸಿಗಾಳಿಯ ಮಷೀನು ನೋಡಿದ, ನೋಟುಬುಕ್ಕು ನೋಡಿದ. ಆಮೇಲೆ ಡಿ-೮ ನೋಡಿ ಚೀಲ ಕೆಳಗಿಟ್ಟ. ಬಿಚ್ಚಲಿಲ್ಲ.

"ಸರ, ಇದು ರಿಪೇರಿ ಅಲ್ರಿ. ಅಂಗಡ್ಯಾಗ ಗಿರಾಕಿಗೆ ತೋರ್ಸಾಕ ಇಡ್ತಾರಲ್ರಿ, ಅವಾಗಿಂದು ಈ ಕೋಡು. ದೀಪ ಹತ್ತತೈತಿ, ತಂಪಾಗಂಗಿಲ್ಲ. ಅದಕ್ಕ ನಿಮ್ಮ ಪುಸ್ತಕದಾಗ ಇಲ್ಲ."

"ಹಂಗಾದ್ರ ತಾನಾ ಹೆಂಗ ಬಂತು?" ಮಾಸ್ತರರು ಪೆನ್ನು ಹಿಡಿದು ಮುಂದೆ ಬಾಗಿದರು.

"ತಾನಾ ಬರಂಗಿಲ್ರಿ. ಈ ಮೂರೂ ಬಟನ್ ಮ್ಯಾಲ ಮೂರು ಬೆರಳು ಇಟ್ಟು, ಹತ್ತು ಸೆಕೆಂಡ್ ಎತ್ತದಂಗ ಒತ್ತಬೇಕು. ಹಂಗ ಯಾರೂ ಸುಮ್ಮ ಸುಮ್ಮನ..."

ಯುನೂಸನ ಕಣ್ಣು ಬಟನ್ನುಗಳ ಮೇಲೆ ನೆಟ್ಟಿತು. ಗಾಜಿನ ಪಟ್ಟಿಯ ಮೇಲೆ, ಮೂರು ಬಟನ್ನುಗಳಿಂದ ಹೊರಟು ಬಲಕ್ಕೆ ಅಚ್ಚುಕಟ್ಟಾಗಿ ಎಳೆದ ಮೂರು ಬಿಳಿ ಗೆರೆಗಳಿದ್ದವು.

ಮಾಸ್ತರರಿಗೆ ಬೆಳಗು ನೆನಪಾಯಿತು. ಹೊಸ ವಸ್ತುವೆಂದು ಉಳಿದವುಗಳಿಗಿಂತ ಹೆಚ್ಚು ಶ್ರದ್ಧೆ. ಮೂರು ಬೆರಳು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಹನ್ನೊಂದು ಸಲ ಓಂ ನಮಃ ಶಿವಾಯ.

"ಎಷ್ಟು ಸೆಕೆಂಡ್ ಅಂದಿ?" ಎಂದರು ಮೆಲ್ಲಗೆ.

"ಹತ್ತು ಸಾಕ್ರಿ ಸರ." ಯುನೂಸ ಅದೇ ಗೆರೆಗಳ ಬುಡಕ್ಕೆ ತನ್ನ ಮೂರು ಬೆರಳಿಟ್ಟು ಒತ್ತಿದ. ಡಿ-೮ ಆರಿತು. ಫ್ರಿಜ್ಜು ಗುರ್ ಎಂದಿತು.

"ಮಾವಾರು ಒಂದ ಬೆರಳು ಒತ್ತಿ ಕೆಲಸಾ ಮುಗಸ್ತಿದ್ರು," ಎಂದಳು ದಾನೇಶ್ವರಿ. "ನೀವು ಡಿಗ್ರಿ ಮಾಡಿ ಮೂರು ಒತ್ತಿದ್ರಿ."

ಮರುದಿನ ಗಡಿಗೆಗಳು ಪಟ್ಟದಕಲ್ಲಿನ ದಾರಿ ಹಿಡಿದವು. ವಾಪಸು ಬಂದದ್ದು ತೊಳೆದ ಖಾಲಿ ಗಡಿಗೆ ಮತ್ತು "ನಾಳಿಗೂ ಕಳಸವಾ" ಎಂಬ ಮಾತು. ಆ ಧೈರ್ಯದ ಮೇಲೆ ಮಾಸ್ತರರು ಫಲಿತಾಂಶ ಬರೆಯಲು ನೋಟುಬುಕ್ಕು ತೆರೆದರು. ಕಾಲಮ್ಮು ಆಗಲೇ ತುಂಬಿತ್ತು. ಇಪ್ಪತ್ತು ವರ್ಷ ತಾವು ಮಕ್ಕಳ ಪುಸ್ತಕದಲ್ಲಿ ಬರೆಯುತ್ತ ಬಂದಂತೆಯೇ ಕೆಂಪು ಶಾಯಿ, ಅಕ್ಷರ ಮಾತ್ರ ದಾನೇಶ್ವರಿಯದು:

'ಹುಡುಗ ಶ್ರದ್ಧಾವಂತ. ಕೈ ಸುಮ್ಮನಿರುವುದಿಲ್ಲ. ಪಾಲಕರು ಬಂದು ಕಾಣತಕ್ಕದ್ದು.'