ಡೇಲ್ ಸಾಹೇಬರ ನಾಯಿಬಂಡಿ

ಎದುರಿಗಿರುವವರ ಮಾತನ್ನು ಕೇಳದೆಯೇ ಕೇಳಿದವನಂತೆ ಕಾಣುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ. ಸರಿಯಾದ ಜಾಗದಲ್ಲಿ ‘ಹೌದಾ?’ ಎಂದು, ನಡುವೆ ಒಮ್ಮೆ ಹುಬ್ಬೇರಿಸಿದರೆ ಸಾಕು. ಇಪ್ಪತ್ತು ವರ್ಷದ ಸಂಸಾರವನ್ನೂ ಕೊಲ್ಲಿ ದೇಶದ ದಮ್ಮಾಮ್‌ನಲ್ಲಿ ಹನ್ನೊಂದು ವರ್ಷದ ನೌಕರಿಯನ್ನೂ ಹೀಗೆಯೇ ನಿಭಾಯಿಸಿದ್ದೇನೆ. ಸಿಕ್ಕಿಬಿದ್ದದ್ದು ಕಳೆದ ತಿಂಗಳು, ನಮ್ಮ ಮ್ಯಾನೇಜರ್ ಡೇಲ್ ಸಾಹೇಬರ ಬೀಳ್ಕೊಡುಗೆಯ ದಿನ.

ಡೇಲ್ ಅಲಾಸ್ಕಾದವರು. ಅಲ್ಲಿ ನಾಯಿಗಳು ಎಳೆಯುವ ಹಿಮಬಂಡಿಗಳ ಓಟವೊಂದು ನಡೆಯುತ್ತದೆ, ಸುಮಾರು ಸಾವಿರ ಮೈಲಿ. ಪ್ರಾಯದಲ್ಲಿ ಸಾಹೇಬರೂ ಒಮ್ಮೆ ಅದರಲ್ಲಿ ಬಂಡಿ ಓಡಿಸಿದ್ದರು. ಹೊರಗೆ ಡಾಂಬರು ಕರಗುವ ಬಿಸಿಲಿರುವಾಗ ಅವರು ನನ್ನ ಮೇಜಿನ ಪಕ್ಕ ನಿಂತು ಹಿಮಪಾತ ಶುರುಮಾಡುತ್ತಿದ್ದರು. ನಾನು ಪೈಪುಗಳ ಕೊಟೇಶನ್ ನೋಡುತ್ತಲೇ ‘ಹೌದಾ?’ ಎನ್ನುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು. ಹಾಗಾಗಿ ಸಾಹೇಬರು ನಿವೃತ್ತರಾದಾಗ ಭಾಷಣಕ್ಕೆ ಎಲ್ಲರೂ ನನ್ನನ್ನೇ ಆರಿಸಿದರು. ದಿನಾ ನನ್ನನ್ನು ತನ್ನ ಕಾರಿನಲ್ಲಿ ಆಫೀಸಿಗೆ ಕರೆದೊಯ್ಯುವ ಬಂಟ್ವಾಳದ ರಫೀಕ್, “ಅವರ ಕಥೆ ಪೂರ್ತಿ ಕೇಳಿದ್ದು ನೀವೊಬ್ರೇ ಅಲ್ವಾ ಮಾರಾಯ್ರೆ” ಎಂದ.

ಎರಡು ದಿನ ಮೊಬೈಲಿನಲ್ಲಿ ಆ ಓಟದ ಇತಿಹಾಸ ಓದಿ, ಹೆಂಡತಿ ಐರಿನ್‌ಗೆ ಒಪ್ಪಿಸಿದೆ. ಹಿಂದೆ ಆ ಕಡೆಯ ಊರುಗಳಿಗೆ ಚಳಿಗಾಲದ ಟಪಾಲು, ಸಾಮಾನು ಹೋಗುತ್ತಿದ್ದದ್ದು ನಾಯಿಬಂಡಿಯಲ್ಲೇ. ಒಮ್ಮೆ ದೂರದ ಊರೊಂದರ ಮಕ್ಕಳಿಗೆ ಗಂಟಲಮಾರಿ ತಗಲಿದಾಗ, ವಿಮಾನವೂ ಹಾರದಂಥ ಚಳಿಯಲ್ಲಿ, ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸುತ್ತ ನಾಯಿಗಳೇ ಮದ್ದು ಮುಟ್ಟಿಸಿದವು. ಆಮೇಲೆ ಮೋಟಾರು ಬಂಡಿಗಳು ಬಂದು ನಾಯಿಗಳು ಮೂಲೆ ಸೇರಿದವು. ಆ ದಾರಿಯೂ ನಾಯಿಗಳೂ ಮರೆತುಹೋಗಬಾರದೆಂದು ಕೆಲವರು ಹಟ ಹಿಡಿದು ಈ ಓಟ ಆರಂಭಿಸಿದರು. ಮೊದಲ ಸಲ ಗೆದ್ದವನಿಗೇ ಹೆಚ್ಚುಕಡಿಮೆ ಮೂರು ವಾರ ಹಿಡಿದಿತ್ತು.

“ನಿಮ್ಮ ಸಾಹೇಬರು ಎಷ್ಟನೆಯವರಾಗಿ ಬಂದದ್ದು?” ಐರಿನ್ ಕೇಳಿದಳು.

ಅದು ಮೊಬೈಲಿನಲ್ಲಿರಲಿಲ್ಲ. ಅವರಿಗೊಂದು ಕೆಂಪು ಲಾಟೀನು ಸಿಕ್ಕಿದ್ದು ಮಾತ್ರ ಎಂದೋ ಕಿವಿಗೆ ಬಿದ್ದಿತ್ತು. ಬಹುಮಾನ ಎಂದಮೇಲೆ ಮೊದಲನೆಯದೇ ಇರಬೇಕು ಅಂದುಕೊಂಡೆ.

ಸಭೆಯಲ್ಲಿ ಇತಿಹಾಸವೆಲ್ಲ ಚೆನ್ನಾಗಿಯೇ ಸಾಗಿತು. ಕೊನೆಗೆ, “ಅಂಥ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದು ಕೆಂಪು ಲಾಟೀನು ಗೆದ್ದವರು ನಮ್ಮ ಸಾಹೇಬರು” ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೇಲ್ ಮಾತ್ರ ಕುಳಿತೇ ಇದ್ದರು. ಚಪ್ಪಾಳೆ ನಿಂತ ಮೇಲೆ ಮೈಕ್ ತೆಗೆದುಕೊಂಡು, ಲಾಟೀನು ಕೊಡುವುದು ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟಿದವನಿಗೆ ಎಂದು ತಿಳಿಸಿದರು.

“ಇದನ್ನು ಇವರಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳಿದ್ದೇನೆ” ಎಂದರು. “ಕೇಳುತ್ತಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಉಳಿದ ನೀವೆಲ್ಲ ನಾನು ಬಾಯಿ ತೆರೆಯುವಾಗಲೇ ಎದ್ದು ಹೋಗುತ್ತಿದ್ದಿರಿ.”

ಸಭೆ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಊಟಕ್ಕೆ ತಟ್ಟೆ ಹಿಡಿದು ಅವರ ಪಕ್ಕ ಹೋಗಿ ಕುಳಿತೆ. ಕ್ಷಮೆ ಕೇಳಲು ಹೋದವನು, ಹೇಗೆ ಹಿಂದೆ ಬಿದ್ದಿರಿ ಎಂದು ಕೇಳಿಬಿಟ್ಟೆ. ಆರು ವರ್ಷಗಳಲ್ಲಿ ಅದು ನನ್ನ ಮೊದಲ ಪ್ರಶ್ನೆ. ಅವರು ಚಮಚ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಮುಂದಾಳು ನಾಯಿಯ ಪಾದ ನೊಂದಿತ್ತಂತೆ. ಅದನ್ನು ಬಂಡಿಯಲ್ಲಿ ಮಲಗಿಸಿಕೊಂಡು, ಏರು ಬಂದಲ್ಲೆಲ್ಲ ತಾವೇ ಇಳಿದು ತಳ್ಳುತ್ತ ನದಿಯ ತನಕ ಬಂದರಂತೆ. ಬಿರಿಯಾನಿ ಆರಿತು. ಎಷ್ಟನೆಯ ಸಲವೋ ಹೇಳುತ್ತಿದ್ದ ಆ ಕಥೆ ನನಗೆ ಪೂರ್ತಿ ಹೊಸದು.

ರಫೀಕ್ ಕಾರಿನ ಕೀ ಅಲ್ಲಾಡಿಸುತ್ತ ಬಂದ. “ಯಲ್ಲಾ, ಹೊರಡುವಾ?” ಎಂದು ಅರಬಿ ಬೆರೆಸಿ ಅವಸರಪಡಿಸಿದ.

“ನೀನು ಹೋಗು ಮಾರಾಯ, ನಾನು ಟ್ಯಾಕ್ಸಿಯಲ್ಲಿ ಬರ್ತೇನೆ” ಎಂದೆ. “ನಾಯಿಗಳು ಇನ್ನೂ ನದಿ ದಾಟಿಲ್ಲ.”